ಆರನೇ ಮಹಡಿಯ ಬಾಣಂತನ

ಹಸುಗೂಸಿನ ತಲೆ ಎಂಥ ವಾಸನೆ ಬರಬೇಕು ಎನ್ನುವುದು ತೋಂಗ್ ಮುದುಕನಿಗೆ ಗೊತ್ತಿತ್ತು. ಹಾಲು, ಎಳೆ ಬೆವರು, ಎಲ್ಲೋ ಒಂಚೂರು ಹುರಿದ ನವಣೆ. ಮಗ ಲಿಬಿನ್ ಹುಟ್ಟಿದಾಗ ಹಾಗೆಯೇ ಇತ್ತು. ಅದಕ್ಕೂ ಹಿಂದೆ, ತಾನು ಒಂಬತ್ತು ವರ್ಷದವನಿದ್ದಾಗ ಹುಟ್ಟಿದ ತಂಗಿಯ ತಲೆಯೂ ಹಾಗೆಯೇ ಇತ್ತು. ಆ ತಂಗಿ ಮೂರು ವರ್ಷಕ್ಕೇ ಹೋಗಿಬಿಟ್ಟಳು; ಮುಖ ಮರೆತಿದೆ, ವಾಸನೆ ಮರೆತಿಲ್ಲ. ಆದರೆ ಈಗ ಮೊಮ್ಮಗಳು ಹುಟ್ಟಿದ ಒಂಬತ್ತನೆಯ ದಿನ ಬಾಗಿ ಮೂಸಿದರೆ ಬಂದದ್ದೇ ಬೇರೆ. ಚರಂಡಿಯಲ್ಲಿ ಕೊಳೆತ ಮೀನಿನ ತಲೆ, ಅದರ ಜೊತೆಗೆ ತುಕ್ಕು. ತನ್ನ ಮೂಗಿನದೇ ದೋಷವಿರಬೇಕೆಂದು ಕಿಟಕಿಯ ಹತ್ತಿರ ಹೋಗಿ ಮೂಗು ಸೀಟಿಕೊಂಡು ಬಂದು ಮತ್ತೆ ಮೂಸಿದ. ಅದೇ.

ಮನೆಯೇ ನಾರುತ್ತಿದೆ ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಕಷ್ಟವೇನೂ ಇರಲಿಲ್ಲ. ಅವರು ಆ ಮನೆಗೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ. ಊರನ್ನು ಕೆಡವಿ, ಊರವರನ್ನೆಲ್ಲ ಪೇಟೆಯ ಅಂಚಿನಲ್ಲಿ ಕಟ್ಟಿದ ಹೊಸ ಕಟ್ಟಡಕ್ಕೆ ತಂದು ತುಂಬಿದ್ದರು. ತೋಂಗ್ ಮನೆಯವರಿಗೆ ಆರನೇ ಮಹಡಿ, ಅದರ ಮೇಲೆ ಬರೀ ಸೂರು. ಮೂಲೆಗಳಲ್ಲಿ ಗೋಡೆ ಬೆವರಿ, ಬೆವರು ಹೆಪ್ಪುಗಟ್ಟಿ, ಮಧ್ಯಾಹ್ನದ ಬಿಸಿಲಿಗೆ ಕರಗಿ, ಕರಗಿದ ಕಡೆಯೆಲ್ಲ ಕಪ್ಪು ಬೂಷ್ಟು ಹಿಡಿದಿತ್ತು. ಬಣ್ಣ ಒಣಗಿದ ಹಾಲಿನ ಕೆನೆಯ ಹಾಗೆ ಏಳುತ್ತಿತ್ತು. ಬೆರಳಿನಿಂದ ತಟ್ಟಿದರೆ ಗೋಡೆ ಟೊಳ್ಳು ಸದ್ದು ಮಾಡುತ್ತಿತ್ತು. ನಲವತ್ತು ವರ್ಷ ಇಟ್ಟಿಗೆ ಹಿಡಿದ ಕೈಗೆ ಆ ಸದ್ದೇ ಒಂದು ಬೈಗುಳ. ಕೋಣೆಗೊಂದು ಕಬ್ಬಿಣದ ಕಾವಿನ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿದ್ದರು. ಅದರೊಳಗೆ ಪೇಟೆಯ ಕಾವಿನ ಕೇಂದ್ರದಿಂದ ಬಿಸಿನೀರು ಬಂದು, ಸುತ್ತಿ, ಹಿಂದಕ್ಕೆ ಹೋಗಬೇಕು. ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗೆ. ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಸತ್ತ ಕೋಳಿಯನ್ನು ಮುಟ್ಟಿದಷ್ಟು ಬೆಚ್ಚಗೆ.

ಇಂಥ ಮನೆಯಲ್ಲಿ ಸೊಸೆ ಶ್ಯೂಮೈ ಬಾಣಂತಿ. ತಲೆಗೆ ಉಣ್ಣೆ ಟೋಪಿ, ಮೈಮೇಲೆ ಮೂರು ರಜಾಯಿ, ಮೂಗು ಕಟ್ಟಿ ಬಾಯಲ್ಲಿ ಉಸಿರು. ಬಾಣಂತಿಗೆ ತಿಂಗಳೊಳಗೆ ತಗುಲಿದ ಚಳಿ ಸಾಯುವತನಕ ಮೂಳೆ ಬಿಡುವುದಿಲ್ಲ ಎಂದು ತಿಳಿಯದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ.

ಅವಳ ತಾಯಿ, ಅಂದರೆ ಮುದುಕನ ಬೀಗಿತ್ತಿ ಸುಯ್, ಮಗು ಹುಟ್ಟಿದ ಮೂರನೆಯ ದಿನವೇ ಫೋನಿನಲ್ಲಿ ಹೇಳಿದ್ದಳು. "ಬೀಗರೇ, ಹನ್ನೆರಡನೇ ದಿನದ ಶಾಸ್ತ್ರಕ್ಕೆ ಕಡುಬು ಹಿಸುಕೋಕೆ ಬರ್ತೀನಿ. ಅವತ್ತು ಕೋಣೆ ಬೆಚ್ಚಗಿದ್ರೆ ಸರಿ. ಇಲ್ದಿದ್ರೆ ಮಗಳನ್ನೂ ಕೂಸನ್ನೂ ಹೊದಿಸ್ಕೊಂಡು ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಆಮೇಲೆ ಊರವರು ಏನಂತಾರೆ ಅಂತ ನನ್ನ ಕೇಳ್ಬೇಡಿ."

ಊರವರು ಏನನ್ನುತ್ತಾರೆ ಎನ್ನುವುದು ಮುದುಕನಿಗೆ ಗೊತ್ತಿತ್ತು. ತಿಂಗಳು ತುಂಬುವ ಮುಂಚೆ ಬಾಣಂತಿ ಗಂಡನ ಮನೆಯ ಹೊಸ್ತಿಲು ದಾಟುವುದು ಯಾವ ಮನೆಗಾದರೂ ಅವಮಾನ. ಅವನ ಮನೆಗೆ ಇಮ್ಮಡಿ ಅವಮಾನ. ಏಕೆಂದರೆ ಅವನು ಒಲೆಮಂಚ ಕಟ್ಟುವವನು. ಅಡಿಗೆಯ ಒಲೆಯ ಹೊಗೆಯನ್ನು ಇಟ್ಟಿಗೆಯ ಮಂಚದೊಳಗೆ ಸುತ್ತಿಸಿ, ಆಮೇಲೆ ಚಿಮಣಿಗೆ ಬಿಡುವ ಕಸುಬು. ಮೂರು ಊರುಗಳ ಮಂಚ ಅವನ ಕೈಯಲ್ಲಿ ಎದ್ದದ್ದು. ಒಂದಾದರೂ ಹೊಗೆ ಹಿಂದಕ್ಕೆ ಉಗುಳಿದ್ದಿಲ್ಲ. ಮೂರು ಊರಿನ ಬೆನ್ನು ಕಾಯಿಸಿದವನಿಗೆ ಒಂದು ಮೊಮ್ಮಗುವಿನ ಬೆನ್ನು ಕಾಯಿಸಲು ಆಗಲಿಲ್ಲ ಎಂದರೆ ಅದಕ್ಕಿಂತ ಬೇರೆ ಸಾವು ಬೇಕೆ?

ಈ ಕಟ್ಟಡಕ್ಕೆ ಬಂದ ಹೊಸದರಲ್ಲಿ ಅವನ ಹೆಸರು ಇನ್ನೂ ದೊಡ್ಡದಾಗಿತ್ತು. ಶರತ್ಕಾಲದ ಕೊನೆಗೆ ಕೊಳವೆಗಳಲ್ಲಿ ಮೊದಲ ಸಲ ನೀರು ಬಿಟ್ಟಾಗ ಕೆಳಗಿನ ಮನೆಗಳು ಬೆಚ್ಚಗಾದವು, ಆರನೇ ಮಹಡಿ ಆಗಲಿಲ್ಲ. ಲಿಬಿನ್ ಕೇಂದ್ರಕ್ಕೆ ಫೋನ್ ಮಾಡಿದ. ಬರುತ್ತೇವೆ ಅಂದರು, ಬರಲಿಲ್ಲ. ಮುದುಕ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಯೋಚಿಸಿದ. ಬಹಳ ದಿನ ಉರಿ ಕಾಣದ ಒಲೆಮಂಚವೂ ಹೀಗೆಯೇ ಹಟ ಹಿಡಿಯುತ್ತದೆ. ಚಿಮಣಿಯ ಬುಡದಲ್ಲಿ ತಣ್ಣನೆಯ ಗಾಳಿ ಬಿರಡೆಯ ಹಾಗೆ ಕೂತಿರುತ್ತದೆ. ಅದನ್ನು ಓಡಿಸುವ ತನಕ ಹೊಗೆ ಮುಂದೆ ಹೋಗುವುದಿಲ್ಲ. ಪೆಟ್ಟಿಗೆಯ ತುದಿಯಲ್ಲಿ ಒಂದು ಪುಟ್ಟ ತಿರುಪು ಇತ್ತು. ಇಕ್ಕಳದಲ್ಲಿ ಹಿಡಿದು ತಿರುಗಿಸಿದ. ಹಾವು ಬುಸುಗುಟ್ಟಿದ ಹಾಗೆ ಗಾಳಿ ಹೊರಟಿತು. ಬಹಳ ಹೊತ್ತು ಹೊರಟಿತು. ಆಮೇಲೆ ನೀರು ಚಿಮ್ಮಿತು, ಮೊದಲು ತಣ್ಣಗೆ, ಆಮೇಲೆ ಸುಡುಸುಡು. ಬಿಗಿ ಮಾಡಿದ. ಸಂಜೆಗೆ ಕೋಣೆ ಬೆಚ್ಚಗಾಯಿತು.

ಸುದ್ದಿ ಮೆಟ್ಟಿಲಿಳಿಯಿತು. ಮೇಸ್ತ್ರಿ ಕಬ್ಬಿಣದ ಗಂಟಲಲ್ಲೂ ಕಫ ಬಿಡಿಸಿದ ಎಂದು ಜನ ನಕ್ಕರು, ಮೆಚ್ಚಿದರು. ಐದನೇ ಮಹಡಿಯ ಪಾಂಗ್ ಒಂದು ಸೀಸೆ ಜೋಳದ ಸಾರಾಯಿ ತಂದುಕೊಟ್ಟ. ಮೊದಲನೇ ಮಹಡಿಯ ಲುವಾನ್ ತನ್ನ ಮನೆಯ ಪೆಟ್ಟಿಗೆಯನ್ನೂ ನೋಡೆಂದು ಕೈಹಿಡಿದು ಕರೆದೊಯ್ದಳು. ಮುದುಕನಿಗೆ ಊರು ಬಿಟ್ಟ ಮೇಲೆ ಮತ್ತೆ ಕಸುಬಿನವನಾದ ಸಂತೋಷ. ಹೋದ ಮನೆಯಲ್ಲೆಲ್ಲ ತಿರುಪು ತೋರಿಸಿ, "ತಣ್ಣಗಾದಾಗಲೆಲ್ಲ ಇದರ ಗಂಟಲು ಬಿಡಿಸಿ. ಬಿಸಿ ನೀರು ಬರೋ ತನಕ ಬಿಡಿ. ಒಲೆಮಂಚಕ್ಕೆ ಹೊಗೆ ಹೆಂಗೋ, ಇದಕ್ಕೆ ನೀರು ಹಂಗೆ, ಮುಂದಕ್ಕೆ ಹೋದ್ರೇನೇ ಕಾವು" ಎಂದು ಹೇಳಿಕೊಟ್ಟ. ಅವನಿಗೆ ಓದು ಬರಹ ಬಾರದು. ಆದರೆ ಆ ಮಾತನ್ನು ಓದು ಬಂದವರೂ ತಲೆದೂಗಿ ಕೇಳಿಕೊಂಡರು.

ಚಳಿ ಬಿಗಿಯಾದ ಹಾಗೆ ಆರನೇ ಮಹಡಿ ಮತ್ತೆ ತಣ್ಣಗಾಯಿತು. ಮುದುಕ ಗಂಟಲು ಬಿಡಿಸಿದ. ಗಾಳಿ ಹೋಗಿ ಬಿಸಿ ಬಂತು, ಮಾರನೆಯ ದಿನ ಮತ್ತೆ ತಣ್ಣಗೆ. ಹೀಗೇ ನಡೆಯುತ್ತಿರುವಾಗ ಮೊಮ್ಮಗಳು ಹುಟ್ಟಿದಳು. ಅಂದಿನಿಂದ ತಿರುಪು ಬಿಡಿಸುವ ಕೆಲಸವನ್ನು ಅವನ ಹೆಂಡತಿ ವಹಿಸಿಕೊಂಡಳು.

ಹತ್ತನೆಯ ದಿನ ಕಾವಿನ ಕೇಂದ್ರದಿಂದ ಅಳತೆಯವನು ಬಂದ. ಐವತ್ತರ ಆಸುಪಾಸಿನ ಮನುಷ್ಯ, ಹೊಗೆಸೊಪ್ಪಿಗೆ ಹಳದಿಯಾದ ಹಲ್ಲು. ಕೋಣೆಯ ನಡುವೆ ಒಂದು ಕೋಲು ನಿಲ್ಲಿಸಿ, ಎದೆಯ ಮಟ್ಟಕ್ಕೆ ಉಷ್ಣಮಾಪಕ ಕಟ್ಟಿ, ಕೈಕಟ್ಟಿ ನಿಂತ.

"ಹದಿಮೂರೂವರೆ," ಅಂದ.

"ಹದಿನೆಂಟು ಇರ್ಬೇಕು ಅಂತ ನಿಮ್ಮ ಕಾಗದದಲ್ಲೇ ಬರ್ದಿದೆಯಂತೆ. ನನ್ನ ಮಗ ಓದಿ ಹೇಳ್ದ," ಅಂದ ಮುದುಕ.

"ಬರ್ದಿದೆ ಅಜ್ಜ. ನೀರಿದ್ರೆ ಹದಿನೆಂಟು. ನೀರೇ ಇಲ್ದಿದ್ರೆ ಎಲ್ಲಿಂದ ತರೋಣ? ನಿಮ್ಮ ಕಟ್ಟಡಕ್ಕೆ ದಿನಾ ಟ್ಯಾಂಕರ್‌ಗಟ್ಟಲೆ ತಣ್ಣೀರು ತುಂಬ್ತಾ ಇದೀವಿ. ತುಂಬಿದ್ದು ಎಲ್ಲಿಗೆ ಹೋಗುತ್ತೆ ಹೇಳಿ."

"ಎಲ್ಲಿಗೆ?"

"ಬಕೆಟ್ಟಿಗೆ." ಅಳತೆಯವನು ಕೋಲು ಬಿಚ್ಚತೊಡಗಿದ. "ಯಾರೋ ಪುಣ್ಯಾತ್ಮ ಈ ಜನಕ್ಕೆ ತಿರುಪು ಬಿಚ್ಚೋದು ಕಲಿಸಿದಾನೆ. ಮೇಲಿನ ಮಹಡೀಲಿ ಗಾಳಿ ಸೇರುತ್ತೆ, ಬಿಚ್ಬೇಕು, ಸರಿ. ಕೆಳಗಿನೋರಿಗೆ ಏನು ರೋಗ? ಅಲ್ಲಿ ಗಾಳಿ ಎಲ್ಲಿದೆ? ಬಿಚ್ಚಿದ್ರೆ ಬರೀ ನೀರು. ಆ ನೀರು ವಾಪಸ್ ಬಂದು ಮತ್ತೆ ಕಾಯ್ಬೇಕಾದ್ದು. ಬಿಸಿನೀರು ಬಿಟ್ಟಿ ಸಿಕ್ತು ಅಂತ ಬಟ್ಟೆ ಒಗೀತಾರೆ, ಪಾತ್ರೆ ತೊಳೀತಾರೆ. ಕೆಳಗೆ ಒಂದು ಬಕೆಟ್ ಹೋದ್ರೆ ಮೇಲೆ ನಿಮಗೆ ಒಂದು ಬಕೆಟ್ ಗಾಳಿ."

ಮುದುಕ ಪೆಟ್ಟಿಗೆಯ ತಿರುಪು ನೋಡಿದ. ಹೊಗೆ ಹೋದರೆ ಹೋಯಿತು, ಹಿಂದೆ ಬೆಂಕಿ ಹೊಸ ಹೊಗೆ ಹುಟ್ಟಿಸುತ್ತದೆ. ಇದು ಹೊಗೆಯಲ್ಲ. ಇದು ಮರಳಿ ಬರಬೇಕಾದ ನೀರು. ಇಷ್ಟು ಸಣ್ಣ ಮಾತು, ಪೆಟ್ಟಿಗೆಯ ಮುಂದೆ ಅಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂತವನಿಗೆ ಹೊಳೆದಿರಲಿಲ್ಲ.

"ಅದಕ್ಕೇ ಒಂದು ವಾರದ ಹಿಂದೆ ನೀರಿಗೆ ಔಷಧಿ ಹಾಕಿದೀವಿ," ಅಳತೆಯವನು ಮುಂದುವರಿಸಿದ. "ಕೊಳೆತ ಮೀನಿನ ವಾಸನೇದು. ಕದ್ದ ಕೈ ಮೂರು ದಿನ ನಾರ್ಬೇಕು. ಆದ್ರೂ ಬಿಡ್ತಾರಾ? ಮೂಗೇ ಇಲ್ಲದ ಜನ." ಹಾಗೆನ್ನುತ್ತ ಅವನು ಬಾಗಿಲ ಕಡೆ ತಿರುಗಿದವನು ಕೂಸಿನ ಹತ್ತಿರ ನಿಂತುಬಿಟ್ಟ. ಮೂಗಿನ ಹೊಳ್ಳೆ ಎರಡು ಸಲ ಅರಳಿತು. ಮುದುಕನ ಮುಖ ನೋಡಿದ, ನೋಡಬಾರದಿತ್ತು ಅನ್ನುವ ಹಾಗೆ ಕಣ್ಣು ಕಿತ್ತುಕೊಂಡ. "ಬಾಣಂತಿ ಮನೆ. ನಾನೇನೂ ಬರ್ಕೊಳಲ್ಲ, ಅಜ್ಜ," ಅಂದು ಮೆಲ್ಲಗೆ ಬಾಗಿಲೆಳೆದುಕೊಂಡು ಹೋದ.

ಬರೆದುಕೊಂಡು ದಂಡ ಹಾಕಿದ್ದರೂ ಮುದುಕನಿಗೆ ಅಷ್ಟು ಹೇಸಿಗೆಯಾಗುತ್ತಿರಲಿಲ್ಲ.

ಬಚ್ಚಲಿಗೆ ಹೋದ. ಅವನ ಹೆಂಡತಿ ಫೆಂಗ್‌ಯುನ್ ಸಣ್ಣ ಮಣೆಯ ಮೇಲೆ ಕೂತು ಕೂಸಿನ ಬಟ್ಟೆ ಹಿಂಡುತ್ತಿದ್ದಳು. ಬಕೆಟ್ಟಿನ ನೀರು ಚಹಾದ ಗಸಿಯ ಬಣ್ಣ. ಬಚ್ಚಲ ಗೋಡೆಯ ಪೆಟ್ಟಿಗೆಯ ತಿರುಪಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿದ್ದಳು. ಅದನ್ನು ಮುಚ್ಚಲು ಒಂದು ಟವೆಲ್ಲು.

"ಎಷ್ಟು ದಿನದಿಂದ?" ಅಂದ.

"ಏನೆಷ್ಟು ದಿನದಿಂದ? ಕೂಸು ದಿನಕ್ಕೆ ಹದಿನೆಂಟು ಬಟ್ಟೆ ಒದ್ದೆ ಮಾಡುತ್ತೆ. ಕೆಟಲಲ್ಲಿ ಕಾಯಿಸ್ತಾ ಕೂತ್ರೆ ನನ್ನ ಬೆರಳು ಉದುರಿ ಹೋಗುತ್ವೆ. ನೀನೇ ಹೇಳ್ದಲ್ಲ, ಬಿಸಿ ಬರೋ ತನಕ ಬಿಡು ಅಂತ. ಬಂದ ಬಿಸೀನ ಚರಂಡಿಗೆ ಚೆಲ್ಲೋಕೆ ನಾನೇನು ದೊರೆ ಮಗಳಾ?"

"ನಾತ ಗೊತ್ತಾಗ್ಲಿಲ್ವಾ ನಿಂಗೆ?"

ಕೇಳಿದ ಮೇಲೆ ಅವನಿಗೆ ನೆನಪಾಯಿತು. ಇಪ್ಪತ್ತು ವರ್ಷದ ಹಿಂದೆ ಒಂದು ಜ್ವರ ಬಂದು ಹೋದಾಗ ಅವಳ ಮೂಗನ್ನು ಜೊತೆಗೆ ಒಯ್ದಿತ್ತು. ಅಂದಿನಿಂದ ಹುಳಿ ಬರಿಸಿದ ಕೋಸಿನ ಜಾಡಿ ಹದವಾಯಿತೇ ಕೆಟ್ಟಿತೇ ಎಂದು ಮೂಸಿ ಹೇಳುವ ಕೆಲಸ ಅವನದೇ. ಶ್ಯೂಮೈಗೆ ನೆಗಡಿ. ಲಿಬಿನ್ ಬಸ್ಸಿನ ಡಿಪೋದಲ್ಲಿ ಡೀಸೆಲ್ ಮೂಸಿ ಮೂಸಿ ಬರುವವನು. ಮೂಗಿದ್ದವನು ತಾನೊಬ್ಬ, ನಾತದ ತಪ್ಪನ್ನು ಗೋಡೆಯ ಮೇಲೆ ಹಾಕಿ ಸುಮ್ಮನಿದ್ದವನು.

ಒಂದು ಬಟ್ಟೆ ಎತ್ತಿ ಅವಳ ಮೂಗಿಗೆ ಹಿಡಿದ. ಅವಳು ಮೂಸಿದಳು, ಏನೂ ತಿಳಿಯದೆ ಅವನ ಮುಖ ನೋಡಿದಳು. ಅವನು ಅಳತೆಯವನು ಹೇಳಿದ್ದನ್ನು ಹೇಳಿದ. ಕೇಳುತ್ತ ಕೇಳುತ್ತ ಅವಳ ಕೈ ಬಕೆಟ್ಟಿನಿಂದ ತಾನಾಗಿ ಹೊರಗೆ ಬಂತು. ಅಂಗಿಯ ತುದಿಗೆ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. "ಇದನ್ನ ಕೂಸಿನ ಮೈಗೆ ಸುತ್ತಿದ್ನಾ ನಾನು," ಅಂದಳು. ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಿದಳು.

ಮುದುಕ ಕೊಳವೆ ಕಿತ್ತು, ತಿರುಪು ಬಿಗಿದು, ಇಕ್ಕಳವನ್ನು ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದ. ಬೀಗಿತ್ತಿ ಬರಲು ಇನ್ನೆರಡು ದಿನವಿತ್ತು. ಎಲ್ಲರೂ ಎರಡೇ ದಿನ ತಿರುಪು ಮುಟ್ಟದಿದ್ದರೆ ನೀರು ತುಂಬಿ ಕೋಣೆ ಕಾದೀತು. ಕೈಮುಗಿದು ಕೇಳಿದರೆ ಯಾರೂ ಇಲ್ಲವೆನ್ನಲಾರರು ಎಂದು ನಂಬಿದ್ದ.

ಐದನೇ ಮಹಡಿಯ ಪಾಂಗ್ ಬಾಗಿಲು ತೆಗೆದ ಕೂಡಲೆ ನಾತ ಮುಖಕ್ಕೆ ಹೊಡೆಯಿತು. ನಡುಮನೆಯಲ್ಲಿ ದೊಡ್ಡ ತಪ್ಪಲೆ. ಅದರಲ್ಲಿ ಕಂದು ಬಿಸಿನೀರು, ನೀರಿನಲ್ಲಿ ಹೆಪ್ಪುಗಟ್ಟಿದ ಹಂದಿಯ ತಲೆ ಮಲಗಿಕೊಂಡು ಕರಗುತ್ತಿತ್ತು. ಕಿವಿಯೊಂದು ಮೇಲೆದ್ದಿತ್ತು.

"ಬಾ ಮೇಸ್ತ್ರಿ. ಹೊಸ ವರ್ಷಕ್ಕೆ ಅಂತ ತಂದಿಟ್ಟಿದ್ದೆ, ಮಗಳು ಬರ್ತಾಳೆ ಅಂತ ಈಗ್ಲೇ ಕರಗಿಸ್ತಾ ಇದೀನಿ."

"ಈ ನೀರಲ್ಲಾ?"

"ಹೊರಗಿನ ತೊಗಲಿಗೆ ತಾನೆ. ಆಮೇಲೆ ಸುಟ್ಟು ಹೆರೀತೀನಲ್ಲ."

ಮುದುಕ ವಿಷಯ ಹೇಳಿದ. ಪಾಂಗ್ ತಲೆ ಕೆರೆದುಕೊಂಡ. "ಕೂಸು ಅಂದ್ಮೇಲೆ ಮಾತಿಲ್ಲ ಬಿಡು, ಮುಟ್ಟಲ್ಲ. ಆದ್ರೆ ಮೊದ್ಲು ಕೆಳಗಿನೋರಿಗೆ ಹೇಳು. ನಾನೊಬ್ನೇ ಬಿಗಿ ಮಾಡ್ಕೊಂಡು ಕೂತ್ರೆ ಅವರ ಕಾಲು ತೊಳೆಯೋಕೆ ನನ್ನ ಬಿಸಿ ಹೋಗುತ್ತೆ, ಅಷ್ಟೆ."

ನಾಲ್ಕನೆಯ ಮಹಡಿಯವರು ಬಾಗಿಲು ತೆಗೆಯಲಿಲ್ಲ. ಒಳಗೆ ನೀರು ಬೀಳುವ ಸದ್ದು ಮಾತ್ರ ತಟ್ಟನೆ ನಿಂತಿತು. ಮೂರನೆಯ ಮಹಡಿಯವಳು ತಾನು ಹುಟ್ಟಿದಾರಭ್ಯ ಕದ್ದವಳಲ್ಲವೆಂದು ಹೇಳಿದಳು, ಬಾಗಿಲ ಹಿಡಿಯ ಮೇಲಿದ್ದ ಅವಳ ಕೈ ನಾರುತ್ತಿತ್ತು. ಎರಡನೆಯದರಲ್ಲಿ ಮೇಷ್ಟರಾಗಿ ನಿವೃತ್ತರಾದವರೊಬ್ಬರಿದ್ದರು. ಇದು ಕಟ್ಟಿದವರ ತಪ್ಪು, ಕೊಳವೆ ಸಣ್ಣದು, ಗೋಡೆ ಟೊಳ್ಳು, ಎಲ್ಲರೂ ಸಹಿ ಹಾಕಿ ಅರ್ಜಿ ಬರೆಯೋಣ ಎಂದು ಬಹಳ ಹೊತ್ತು ಹೇಳಿದರು. ಹೇಳಿದ್ದೆಲ್ಲ ನಿಜವೇ. ಅವರ ಬಚ್ಚಲಲ್ಲಿಯೂ ರಬ್ಬರ್ ಕೊಳವೆ ಇತ್ತು.

ಮೊದಲನೆಯ ಮಹಡಿಯ ಲುವಾನ್ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕಾಲಿಳಿಸಿಕೊಂಡು ಸೂರ್ಯಕಾಂತಿ ಬೀಜ ಸಿಗಿಯುತ್ತಿದ್ದಳು. ಸಿಪ್ಪೆ ಬೋಗುಣಿಯಲ್ಲೇ ಬೀಳುತ್ತಿತ್ತು. ಅವಳ ಮನೆ ಬೇಸಿಗೆಯ ಹಾಗಿತ್ತು. ತೋಳಿಲ್ಲದ ಬನಿಯನ್ನಿನಲ್ಲಿ ಕೂತಿದ್ದಳು.

"ಅಯ್ಯೋ ತೋಂಗ್ ಅಣ್ಣ, ಹೆಸರು ಹಿಡಿದು ಹೇಳ್ತೀನಿ ಕೇಳು," ಅಂದಳು. "ಈ ತಿರುಪು ನಂಗೆ ಕನಸಲ್ಲಿ ಬಂದಿತ್ತಾ? ನೀನೇ ಇಲ್ಲಿ ಕೂತು ತೋರಿಸ್ಕೊಟ್ಟೆ. ನನ್ನ ಚಹಾ ಕುಡಿದೆ. ಮುಂದಕ್ಕೆ ಹೋದ್ರೇನೇ ಕಾವು ಅಂದೆ. ಈಗ ನಿನ್ನ ಮನೇಗೆ ಚಳಿ ಬಂತು ಅಂತ ಹಿಂದಕ್ಕೆ ಹೋಗು ಅಂತೀಯ. ಮೇಸ್ತ್ರಿ ಮಾತು ಒಂದಾ ಎರಡಾ?"

"ನಾನು ತಪ್ಪು ಹೇಳ್ದೆ ಲುವಾನ್."

"ನಲವತ್ತು ವರ್ಷದ ಕಸುಬುದಾರ ತಪ್ಪು ಹೇಳ್ತಾನಾ? ಹೋಗಣ್ಣ, ಸುಮ್ನೆ ತಮಾಷೆ." ಕಾಲು ಬದಲಿಸಿದಳು. ನೀರು ಕಲಕಿ ನಾತ ಎದ್ದಿತು. "ಆಯ್ತು, ಕೂಸಿನ ಮುಖ ನೋಡಿ ಬಿಡ್ತೀನಿ. ಎರಡು ದಿನ ತಾನೆ?"

ಬಾಗಿಲು ತೆಗೆದವರೆಲ್ಲ ಮಾತು ಕೊಟ್ಟರು. ಹನ್ನೊಂದನೆಯ ದಿನ ಬೆಳಿಗ್ಗೆ ಪೆಟ್ಟಿಗೆ ತುಸು ಬೆಚ್ಚಗಿತ್ತು. ಮುದುಕ ಅದರ ಮೇಲೆ ಅಂಗೈಯೂರಿ, ಕೆನ್ನೆಯೂರಿ, ಮಗುವಿನ ಹಾಗೆ ಕಾದ. ಊಟದ ಹೊತ್ತಿಗೆ ಒಳಗೆ ಗುಳುಗುಳು ಸದ್ದಾಯಿತು. ಕೆಳಗೆ ಎಲ್ಲೋ ಒಂದು ಬಕೆಟ್. ಸ್ವಲ್ಪ ಹೊತ್ತಿಗೆ ಇನ್ನೊಂದು. ಒಬ್ಬರು ಬಿಚ್ಚಿದ್ದು ಕೇಳಿಸಿ ಇನ್ನೊಬ್ಬರು, ಅವರದು ಕೇಳಿಸಿ ಮತ್ತೊಬ್ಬರು. ಸಂಜೆಗೆ ಪೆಟ್ಟಿಗೆ ಮತ್ತೆ ಸತ್ತ ಕೋಳಿ. ಮೂರು ಊರಿನಲ್ಲಿ ಇವರ ಮನೆಗಳಲ್ಲೇ ಉಂಡು, ಇವರ ಒಲೆಗಳ ಬಾಯೊಳಗೆ ತಲೆಯಿಟ್ಟು ಮಸಿ ತೆಗೆದವನು ತಾನು. ಅಷ್ಟು ಮಸಿಯಲ್ಲಿಯೂ ಇಷ್ಟು ಅಸಹ್ಯ ಕಂಡಿರಲಿಲ್ಲ. ಆ ಅಸಹ್ಯದ ಮೊದಲ ತಿರುಪು ತನ್ನದೇ ಕೈಯದು.

ಹನ್ನೆರಡನೆಯ ದಿನ ಸುಯ್ ಬೀಗಿತ್ತಿ ಬೆಳಿಗ್ಗೆಯ ಬಸ್ಸಿಗೇ ಬಂದಳು. ಒಂದು ಬುಟ್ಟಿ ಮೊಟ್ಟೆ, ಕಂದು ಸಕ್ಕರೆ, ತನ್ನ ಮನೆಯದೇ ಗೋಧಿ ಹಿಟ್ಟು, ಕೊಚ್ಚಿದ ಮಾಂಸ. ಹೆರಿಗೆಯಲ್ಲಿ ತೆರೆದುಕೊಂಡ ಮೂಳೆಸಂದುಗಳು ಮುಚ್ಚಿಕೊಳ್ಳಲೆಂದು ಹನ್ನೆರಡನೆಯ ದಿನ ಹೆತ್ತ ತಾಯಿ ಬಂದು ಕಡುಬಿನ ಅಂಚು ಹಿಸುಕಬೇಕು. ಒಂದೊಂದು ಹಿಸುಕಿಗೂ ಒಂದೊಂದು ಸಂದು. ಅವಳು ಕೋಟು ಬಿಚ್ಚಲು ಹೋದವಳು ಎರಡು ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡಳು. ಹಿಟ್ಟು ಕಲಸಿದಳು. ಹಿಟ್ಟು ಚಳಿಗೆ ಬಿರುಸಾಗಿ ಅಂಚು ಕೂಡಿಕೊಳ್ಳಲೇ ಇಲ್ಲ. ಹಿಸುಕಿದ ಕಡುಬು ಬಾಯಿ ಬಿಟ್ಟುಕೊಂಡು ಕೂತಿತು. ಇನ್ನೊಂದು ಹಿಸುಕಿದಳು, ಅದೂ.

"ನೋಡಿದ್ರಾ ಬೀಗರೇ," ಅಂದಳು ಮೆಲ್ಲಗೆ. "ಕಡುಬಿನ ಬಾಯೇ ಮುಚ್ತಾ ಇಲ್ಲ. ನನ್ನ ಮಗಳ ಮೂಳೆ ಮುಚ್ಚುತ್ತಾ?"

ಕೈಯ ಹಿಟ್ಟು ಒರೆಸಿಕೊಂಡು ಕೂಸನ್ನು ಎತ್ತಿಕೊಂಡಳು. ಎತ್ತಿ ನೆತ್ತಿಯನ್ನು ಮೂಗಿಗೆ ತಂದಳು. ಎಲ್ಲ ಅಜ್ಜಿಯರೂ ಮಾಡುವುದೇ ಅದು. ಮುದುಕ ಅದನ್ನೇ ಕಾಯುತ್ತಿದ್ದ. ಫೆಂಗ್‌ಯುನ್ ಬಚ್ಚಲ ಬಾಗಿಲಲ್ಲಿ ನಿಂತವಳು ತಲೆತಗ್ಗಿಸಿದಳು. ಎರಡು ದಿನದಿಂದ ಕೆಟಲ್ ನೀರಿನಲ್ಲಿ ಐದೈದು ಸಲ ಒಗೆದಿದ್ದಳು; ಮೂಗಿಲ್ಲದವಳಿಗೆ ಹೋಯಿತೇ ಇಲ್ಲವೇ ತಿಳಿಯುತ್ತಿರಲಿಲ್ಲ. ಹೋಗಿರಲಿಲ್ಲ.

"ಇದನ್ನ ಯಾತರಲ್ಲಿ ತೊಳೆದಿದೀರ?" ಸುಯ್ ಕೇಳಿದಳು. "ಏನ್ ಸತ್ತಿತ್ತು ಆ ನೀರಲ್ಲಿ?"

ಲಿಬಿನ್ ಕೆಮ್ಮಿದ. "ಅತ್ತೆ, ಈ ಕಟ್ಟಡ ಕಟ್ಟಿದೋರು..."

"ನೀನು ಸುಮ್ನಿರು," ಅಂದ ಮುದುಕ. "ಕಟ್ಟಿದೋರು ಕೆಟ್ಟವರೇ. ಆದ್ರೆ ಇದು ಅವರದ್ದಲ್ಲ. ಬೀಗಿತ್ತಿ, ಇದು ಕದ್ದ ನೀರು. ಹಂಗೆ ಕದಿಯೋದು ಈ ಕಟ್ಟಡಕ್ಕೆಲ್ಲ ಕಲಿಸಿದ್ದು ನಾನು. ಒಲೆಮಂಚದ ಲೆಕ್ಕ ತಂದು ಕೊಳವೆಗೆ ಹಚ್ಚಿದೆ. ಜನ ನನ್ನ ಮಾತು ನಂಬಿದ್ರು. ಬೇಡ ಅಂತ ಬಾಗಿಲು ಬಾಗಿಲಿಗೆ ಹೋದೆ, ಆ ಮಾತು ಮಾತ್ರ ಯಾರೂ ನಂಬ್ಲಿಲ್ಲ."

ಸುಯ್ ಕೂಸನ್ನು ಹೆಗಲಿಗೆ ಹಾಕಿಕೊಂಡು ಅವನ ಕಡೆ ತಿರುಗಿದಳು. ಅವಳ ಬಾಯಿ ಮೂರು ಊರಿಗೆ ಹೆಸರಾದ ಬಾಯಿ. ಏನೋ ದೊಡ್ಡದು ಬರುತ್ತದೆಂದು ಎಲ್ಲರೂ ಮೈ ಗಟ್ಟಿ ಮಾಡಿಕೊಂಡರು.

"ಶ್ಯೂಮೈ ಹುಟ್ಟಿದ್ದು ನೀವು ಕಟ್ಟಿದ ಮಂಚದ ಮೇಲೆ," ಅಂದಳು. "ತಲೆಕಡೆ ಇಟ್ಟಿಗೆ ಒಂದು ಓರೆ ಇದೆ ಅಂತ ನಾನು ಅವತ್ತು ಜಗಳ ಮಾಡಿದ್ದೆ. ನೆನಪಿದೆಯಾ?"

"ಓರೆ ಇರ್ಲಿಲ್ಲ. ನಿಮ್ಮ ಕಣ್ಣು ಓರೆ."

"ಈಗ ಆ ಮಂಚ ಹೊಗೆ ಉಗುಳ್ತಾ ಇದೆ. ನಮ್ಮ ಯಜಮಾನ್ರು ತೀರಿಹೋದ ಮೇಲೆ ಮೂರು ವರ್ಷದಿಂದ ಯಾರೂ ಮಸಿ ತೆಗೆದಿಲ್ಲ. ಬಾಣಂತೀನ ಹೊಗೇಲಿ ಮಲಗಿಸೋಕಾಗಲ್ಲ, ಹೇಳ್ದೆ ಅಷ್ಟೆ."

ಅವಳು ಕೇಳಿದ್ದೇನೆಂದು ಮುದುಕನಿಗೆ ಅರ್ಥವಾಯಿತು. ಕರೆದುಕೊಂಡು ಹೋಗುತ್ತೇನೆ ಎಂದು ಅವಳು ಹೇಳಲಿಲ್ಲ. ಕರೆದುಕೊಂಡು ಹೋಗಿ ಎಂದು ಅವನ ಬಾಯಿಂದಲೇ ಬರಲಿ ಎಂದು ದಾರಿ ಬಿಟ್ಟುಕೊಟ್ಟಳು. ಅವನು ಫೆಂಗ್‌ಯುನ್ ಕಡೆ ನೋಡಿದ. ಅವಳು ಇನ್ನೂ ಕೈ ಒರೆಸಿಕೊಳ್ಳುತ್ತಿದ್ದಳು. ಶ್ಯೂಮೈ ರಜಾಯಿಯೊಳಗಿಂದ ಕಣ್ಣು ಮಾತ್ರ ತೋರಿಸುತ್ತ ನಡುಗುತ್ತಿದ್ದಳು.

"ಲಿಬಿನ್, ಡಿಪೋದಲ್ಲಿ ವ್ಯಾನ್ ಕೇಳಿ ತಗೊಂಡು ಬಾ," ಅಂದ ಮುದುಕ. "ನಾನೂ ಬೀಗಿತ್ತೀನೂ ಈಗಿನ ಬಸ್ಸಿಗೆ ಮುಂದೆ ಹೋಗ್ತೀವಿ. ಮಂಚ ಸರಿ ಮಾಡಿ ಉರಿ ಹಾಕಿರ್ತೀನಿ. ನಾಳೆ ಮಧ್ಯಾಹ್ನ ಬಿಸಿಲಿರೋವಾಗ ಇವರನ್ನ ಹೊರಡಿಸು. ತಿಂಗಳು ಅಲ್ಲೇ ತುಂಬಲಿ."

"ಜನ ಏನಂತಾರೆ ಅಪ್ಪ?"

"ಯಾವ ಜನ? ಹಂದಿ ತಲೆ ನೆನೆ ಹಾಕಿರೋ ಜನಾನಾ?"

ಸುಯ್ ಮನೆಯಲ್ಲಿ ಅವನು ಅಂದೇ ಕೋಟು ಕಳಚಿಟ್ಟು ಕೆಲಸಕ್ಕಿಳಿದ. ಮಂಚದ ತಲೆಕಡೆ ಎರಡು ಇಟ್ಟಿಗೆ, ಚಿಮಣಿಯ ಬುಡದಲ್ಲಿ ಎರಡು ಎಬ್ಬಿಸಿದ. ಎಬ್ಬಿಸಿದ ಇಟ್ಟಿಗೆಯ ಅಡಿಯಲ್ಲಿ ಮೂವತ್ತು ವರ್ಷದ ಹಿಂದಿನ ತನ್ನದೇ ಬೆರಳ ಗುರುತು ಮಣ್ಣಿನಲ್ಲಿತ್ತು. ತೋಳು ಹೆಗಲ ತನಕ ಒಳಗೆ ಹೋಯಿತು. ಮಸಿ, ಬೂದಿ, ಒಂದು ಒಣಗಿದ ಇಲಿ. ಆರು ಬುಟ್ಟಿ ಹೊರಗೆ ಹೋಯಿತು. ಮುಖ, ಮೂಗು, ಹಲ್ಲು ಎಲ್ಲ ಕಪ್ಪು. ಕೆಮ್ಮಿದರೆ ಕಪ್ಪು. ಆದರೆ ಹೇಸಿಗೆಯಾಗಲಿಲ್ಲ. ಕೊಚ್ಚಿದ ಹುಲ್ಲು ಸೇರಿಸಿ ಬೆಚ್ಚನೆಯ ನೀರಿನಲ್ಲಿ ಮಣ್ಣು ಕಲಸಿ ಇಟ್ಟಿಗೆ ಕೂಡಿಸಿದ. ತಲೆಕಡೆಯ ಇಟ್ಟಿಗೆ ಕೂಡಿಸುವಾಗ ಒಂದು ಕಣ್ಣು ಮುಚ್ಚಿ ನೋಡಿದ. ಕೂದಲೆಳೆಯಷ್ಟು ಓರೆ ಇತ್ತು. ಸುಯ್ ನೋಡದ ಹಾಗೆ ನೇರ ಮಾಡಿದ. ಜೋಳದ ದಂಟಿನ ಸಣ್ಣ ಉರಿ ಹಾಕಿ, ಮಣ್ಣು ಬಿರಿಯದ ಹಾಗೆ ಮೆಲ್ಲಗೆ ಒಣಗಿಸಿದ.

ಮಾರನೆಯ ದಿನ ಮಧ್ಯಾಹ್ನ ವ್ಯಾನ್ ಬಂತು. ಶ್ಯೂಮೈಯನ್ನು ರಜಾಯಿ ಸಮೇತ ಮಂಚದ ಬಿಸಿ ತುದಿಗೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಅವಳು ತಾನಾಗಿ ಟೋಪಿ ತೆಗೆದಳು. ಹಣೆಯ ಮೇಲೆ ಬೆವರು ಕಂಡಿತು. "ಅಮ್ಮ, ಮೂಗು ಬಿಟ್ಟಿತು," ಅಂದಳು. ಆಮೇಲೆ ಮುಖ ಸಿಂಡರಿಸಿ, "ಇದೇನು ನಾತ?" ಅಂದಳು. ಹದಿಮೂರು ದಿನದಲ್ಲಿ ಅವಳ ಮೂಗಿಗೆ ಮೊದಲು ಮುಟ್ಟಿದ್ದು ತನ್ನದೇ ಕೂಸಿನ ಬಟ್ಟೆಯ ವಾಸನೆ.

ಸುಯ್ ಕೂಸಿನ ಬಟ್ಟೆಯನ್ನೆಲ್ಲ ಬಿಚ್ಚಿದಳು. ಗಂಟಿನಲ್ಲಿ ತಂದಿದ್ದ ಉಳಿದವನ್ನೂ ಸೇರಿಸಿದಳು. ಒಗೆಯಲು ಹೋಗಲಿಲ್ಲ. ಕೋಲಿನಲ್ಲಿ ಎತ್ತಿ ಒಂದೊಂದಾಗಿ ಒಲೆಯ ಬಾಯಿಗೆ ತುರುಕಿದಳು. ಮಗುವನ್ನು ಬಾವಿಯ ನೀರು ಕಾಯಿಸಿ ತೊಳೆದು, ತನ್ನ ಹಳೆಯ ಹತ್ತಿ ಅಂಗಿ ಹರಿದು ಸುತ್ತಿದಳು. ಮುದುಕನ ಕೈಗೆ ಕೊಡಲು ಬಂದಳು. ಅವನು ತನ್ನ ಕೈ ನೋಡಿಕೊಂಡು ಬೇಡವೆಂದ. ದೂರದಿಂದಲೇ ಬಾಗಿ, ಮೂಗನ್ನು ಮಾತ್ರ ಹತ್ತಿರ ಒಯ್ದ. ಬೂದಿಯ ವಾಸನೆ ಬಂತು, ಅದರ ಹಿಂದೆ ಹಾಲು. ನವಣೆ ಇನ್ನೂ ಬಂದಿರಲಿಲ್ಲ.

ಹೊರಗೆ ಬಂದು ಚಿಮಣಿ ನೋಡಿದ. ಹೊಗೆ ನೆಟ್ಟಗೆ ಎದ್ದು ಹೋಗುತ್ತಿತ್ತು, ಹಳದಿ ಮಿಶ್ರ ಹೊಗೆ, ಇಡೀ ಬೀದಿಗೆ ಕೊಳೆತ ಮೀನಿನ ನಾತ. ನಾಲ್ಕು ಗಂಟೆಯ ಬಸ್ಸಿಗೆ ಅವನು ವಾಪಸ್ಸು ಹೋಗಬೇಕು. ಆರನೇ ಮಹಡಿಯಲ್ಲಿ ಫೆಂಗ್‌ಯುನ್ ಒಬ್ಬಳೇ ಕೂತಿದ್ದಾಳೆ, ಮುಖ ತೋರಿಸಲಾರೆ ಎಂದು ಜೊತೆಗೆ ಬಂದಿರಲಿಲ್ಲ. ಕೆಳಗೆ ಲುವಾನ್ ಕಾಲು ನೆನೆಸಿಕೊಂಡು ಕೂತಿರುತ್ತಾಳೆ.

ಬೀದಿಯಲ್ಲಿ ಸೌದೆ ಎಳೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಮೂಗಿಗೆ ತೋಳು ಅಡ್ಡ ಹಿಡಿದು ನಿಂತಳು. ಅವನ ಗುರುತು ಹಿಡಿದಳು. "ಯಾರು, ತೋಂಗ್ ಮೇಸ್ತ್ರೀನಾ? ಏನಪ್ಪಾ ಅದು, ಸುಯ್ ಒಲೇಲಿ ಏನ್ ಸುಡ್ತಿದಾಳೆ? ಸತ್ತ ನಾಯೀನಾ?"

"ನಮ್ಮ ಹೊಸ ಮನೇನ," ಅಂದ ಮುದುಕ. ಕಪ್ಪಗೆ ಉಗುಳಿ, ಒಲೆಗೆ ಇನ್ನಷ್ಟು ದಂಟು ಹಾಕಲು ಒಳಗೆ ಹೋದ.